ಬೆನ್ನು ತಿರುಗಿಸಿದ ದೃಶ್ಯ

ಮನೆಯಿಂದ
ನವೆಂಬರ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೈ ನಡುಕ ಕಡಿಮೆಯಾಯಿತೇ? ಹೊಸ ಮಾತ್ರೆ ಶುರುವಾದ ಮೇಲೆ ಬಾಯಿ ಒಣಗುತ್ತದೆ ಎಂದು ಬರೆದಿದ್ದೆ, ನೀರು ಕುಡಿಯುತ್ತಿದ್ದೀಯ ತಾನೇ? ನಿನ್ನ ಪಕ್ಕದ ಮಂಚದ ಪೋಸ್ಟ್‌ಮ್ಯಾನ್ ತಾತ ಇನ್ನೂ ಚದುರಂಗದಲ್ಲಿ ಮೋಸ ಮಾಡುತ್ತಾರೆಯೇ? ನಿನ್ನ ಕಳೆದ ಪತ್ರ ನೋಡಿ ಚಿಕ್ಕಮ್ಮ ಹಿಗ್ಗಿ ಹೀರೇಕಾಯಿಯಾದಳು. "ನೋಡೇ, ಅಕ್ಷರ ಹೊಲಿಗೆ ಹಾಕಿದ ಹಾಗೆ ನೆಟ್ಟಗೆ ಬಂದಿದೆ, ಹುಡುಗ ಸರಿಹೋಗಿದಾನೆ" ಎಂದಳು. ಅವಳ ಲೆಕ್ಕದಲ್ಲಿ ತಲೆಗೂದಲು ನರೆತಿರುವ ಟೈಲರ್ ಆದ ನೀನು ಇನ್ನೂ ಹುಡುಗನೇ. ನಾವಿಬ್ಬರೂ ಚೆನ್ನಾಗಿದ್ದೇವೆ. ಅವಳ ಮಂಡಿನೋವು ಎಂದಿನಂತೆ, ನನ್ನ ಬಾಯಿ ಎಂದಿನಂತೆ, ಅಡುಗೆಮನೆಯ ನಲ್ಲಿ ಮಾತ್ರ ನಾನು ರಿಪೇರಿ ಮಾಡಿದ ಮೇಲೆ ಹೆಚ್ಚು ಸೋರುತ್ತಿದೆ. ಆ ಪತ್ರದ ಕೊನೆಯಲ್ಲಿ ನೀನು ಕೇಳಿದ್ದ ಪ್ರಶ್ನೆ ನೆನಪಿದೆ. ಅದಕ್ಕೆ ಬರುತ್ತೇನೆ. ಮೊದಲು ಬೇರೊಂದು ಹೇಳಬೇಕು, ಅದನ್ನು ಹೇಳದೆ ಇದಕ್ಕೆ ಬಾಯಿ ಬರುವುದಿಲ್ಲ.

ನಿನ್ನೆ ನಿಮ್ಮ ದೊಡ್ಡ ನರ್ಸಮ್ಮ ಫೋನ್ ಮಾಡಿದ್ದರು. ಈ ಭಾನುವಾರ ನಿಮ್ಮ ಆಸ್ಪತ್ರೆಯ ಊಟದ ಹಾಲಿನಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸುತ್ತಾರಂತೆ. ಯಾವ ಸಿನಿಮಾ ಎಂದು ನಾನು ಕೇಳಬೇಕಾಗಿರಲಿಲ್ಲ. "ಇವರಂಥವರ ಮೇಲೇ ತೆಗೆದಿರೋದಂತಲ್ಲಮ್ಮ, ಪ್ರಪಂಚವೆಲ್ಲ ಹೊಗಳ್ತಿದೆ! ನಿಮ್ಮಣ್ಣ ಕುರ್ಚಿ ಹಾಕೋ ಕೆಲಸ ವಹಿಸ್ಕೊಂಡಿದಾರೆ. ನನ್ನ ತಂಗಿ ಬರೆದ ಸಿನಿಮಾ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದಾರೆ" ಎಂದರು.

ನಾನು ಬರೆದ ಸಿನಿಮಾ ಅಲ್ಲ ಅಣ್ಣಾ ಅದು. ಯಾರೋ ಎಲ್ಲೋ ತೆಗೆದದ್ದು. ನಾನು ಅದರ ಮಾತುಗಳನ್ನು ನಮ್ಮ ಭಾಷೆಗೆ ಡಬ್ ಮಾಡಲು ಬರೆದುಕೊಟ್ಟವಳು, ಅಷ್ಟೇ. ಕಥೆ ಏನೆಂದರೆ, ಮನಸ್ಸಿನ ಕಾಯಿಲೆಯ ಒಬ್ಬ ಯುವಕ ಆಸ್ಪತ್ರೆಯಿಂದ ಮನೆಗೆ ಬರುತ್ತಾನೆ. ಎದುರುಮನೆಯಲ್ಲಿ ಗಂಡ ಸತ್ತ, ಸಿಡುಕು ಮೂತಿಯ ಒಬ್ಬ ಹುಡುಗಿ. ಇಬ್ಬರೂ ಜಗಳವಾಡುತ್ತಲೇ ಜೋಡಿ ಸೀಟಿನ ಸೈಕಲ್ ಓಡಿಸಲು ಕಲಿಯುತ್ತಾರೆ, ಕೊನೆಗೆ ಊರಿನ ಸೈಕಲ್ ಪಂದ್ಯದಲ್ಲಿ ಎಲ್ಲರಿಗಿಂತ ಹಿಂದೆ ಬಂದೂ ಗೆದ್ದವರ ಹಾಗೆ ಕುಣಿಯುತ್ತಾರೆ. ಅಲ್ಲಿಗೆ ಅವನ ಕಾಯಿಲೆ ಮುಗಿಯಿತು. ಪ್ರಶಸ್ತಿಗಳು ರಾಶಿ ಬಿದ್ದಿವೆ. ಒಂದು ಪತ್ರಿಕೆ "ಕಣ್ಣೀರು ಒರೆಸುವ ನಗು" ಎಂದು ಬರೆಯಿತು. ನನ್ನನ್ನು ಕೇಳಿದರೆ, ಹೊಗಳಿದಷ್ಟು ಇಲ್ಲ. ಅದರಲ್ಲಿ ಏನೂ ಇಲ್ಲ ಎಂದೂ ಹೇಳಲಾರೆ. ಮಗ ಬಚ್ಚಲಿನ ಬಾಗಿಲು ಹಾಕಿಕೊಂಡಾಗ ಅಪ್ಪ ಹೊರಗೆ ನೆಲದ ಮೇಲೆ ಕೂತು, ಏನೂ ಮಾತಾಡದೆ, ಹಳೇ ಪೇಪರಿನ ಪದಬಂಧ ತುಂಬುವ ದೃಶ್ಯವೊಂದಿದೆ. ಅಮ್ಮ ಇದ್ದಾಗ ನಿನ್ನ ಬಾಗಿಲ ಮುಂದೆ ಬಟಾಣಿ ಸುಲಿಯುತ್ತ ಕೂರುತ್ತಿದ್ದದ್ದು ನೆನಪಾಗಿ ನಾನು ಹೆಡ್‌ಫೋನ್ ತೆಗೆದಿಟ್ಟು ಅತ್ತೆ. ಆದರೆ ಮಿಕ್ಕ ಸಿನಿಮಾದಲ್ಲಿ ಕಾಯಿಲೆ ಎಂದರೆ ಚುರುಕು ಮಾತು. ಅವನ ಹುಚ್ಚಾಟವೆಲ್ಲ ಮುದ್ದು. ಅವನ ಬಟ್ಟೆ ಯಾರು ಒಗೆದರು, ಅವನು ನಿದ್ದೆ ಮಾಡದ ರಾತ್ರಿಗಳಲ್ಲಿ ಇನ್ಯಾರು ಎದ್ದಿದ್ದರು, ಏರಿದ ಹುರುಪು ಇಳಿದ ಮೇಲೆ ಗೋಡೆಗೆ ಮುಖ ಮಾಡಿ ಮಲಗುವ ಆ ವಾರಗಳು ಎಲ್ಲಿ ಹೋದವು, ಒಂದೂ ಇಲ್ಲ. ಅವನು ಮಾತ್ರೆಯ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದಾಗ ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ದೂರದ ಬೆಟ್ಟ ನುಣ್ಣಗೆ. ನೀನು ದಯವಿಟ್ಟು ಆ ಡಬ್ಬಿಯ ದೃಶ್ಯವನ್ನು ನಂಬಬೇಡ, ಪೋಸ್ಟ್‌ಮ್ಯಾನ್ ತಾತನಿಗೂ ನಂಬಲು ಬಿಡಬೇಡ.

ಇಷ್ಟು ಹೇಳಿ ಕೈ ತೊಳೆದುಕೊಂಡರೆ ನಾನು ಜಾಣೆ. ಆದರೆ ಈ ಸಿನಿಮಾವನ್ನು ಬಯ್ಯುವ ಯೋಗ್ಯತೆ ನನಗಿಲ್ಲ. ಯಾಕೆ ಎಂದು ಹೇಳಲು ನನ್ನ ಕೆಲಸದ ಒಂದು ಗುಟ್ಟು ಹೇಳಬೇಕು. ಡಬ್ಬಿಂಗಿನಲ್ಲಿ ನಾವು ನಟನ ತುಟಿಗೆ ಆಳುಗಳು. ಅವನ ತುಟಿ ಕೂಡಿದಲ್ಲಿ ನಮ್ಮ ಮಾತಿನಲ್ಲೂ ತುಟಿ ಕೂಡುವ ಅಕ್ಷರ ಬರಬೇಕು, ಅವನು ಬಾಯಿ ಮುಚ್ಚಿದಾಗ ನಮ್ಮ ಮಾತೂ ಮುಗಿಯಬೇಕು. ಅದಕ್ಕೇ ನಾನು ಹಗಲೆಲ್ಲ ಕನ್ನಡಿಯ ಮುಂದೆ ಪಿಟಿಪಿಟಿ ಅನ್ನುವುದು, ನೀನು ಅದೇ ಹೆಸರಿಟ್ಟು ಕರೆಯುವುದು. ಒಂದೇ ಒಂದು ಕಡೆ ನಮಗೆ ಬಿಡುವು: ನಟ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದಾಗ. ಬೆನ್ನು ತಿರುಗಿಸಿದವನ ಬಾಯಿಗೆ ಏನು ಬೇಕಾದರೂ ತುಂಬಬಹುದು. ಈ ಸಿನಿಮಾದಲ್ಲಿ ಅಂಥ ಒಂದು ದೃಶ್ಯವಿದೆ. ನಾಯಕ ಬೆಳಗಿನ ಜಾವ ಪೈಜಾಮದಲ್ಲಿ ಬೀದಿಗಿಳಿದು ಮನೆ ಮನೆಯ ಬಾಗಿಲು ಬಡಿಯುತ್ತಾನೆ, ಕ್ಯಾಮೆರಾ ಅವನ ಹಿಂದೆ ಹಿಂದೆಯೇ ಹೋಗುತ್ತದೆ. ಮೂಲದಲ್ಲಿ ಅವನು ಬರೀ ಮನೆ ನಂಬರುಗಳನ್ನು ಎಣಿಸುತ್ತಾನೆ. ಡಬ್ಬಿಂಗ್ ನಿರ್ದೇಶಕರು "ಸಪ್ಪೆ ಆಯ್ತು, ಬೆನ್ನು ತಾನೇ, ಏನಾದ್ರೂ ಖಾರವಾಗಿ ತುಂಬಿ" ಎಂದರು.

ನಾನು ನಿನ್ನ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದೆ. ನೀನು ಆಸ್ಪತ್ರೆಗೆ ಹೋದ ಮೇಲೆ ಅದರ ಹಲಗೆಯೇ ನನ್ನ ಬರೆಯುವ ಮೇಜು, ನಿನಗೆ ಹೇಳಿರಲಿಲ್ಲ. ಮಾತು ಹೊಳೆಯದಿದ್ದರೆ ಕಾಲು ತಾನಾಗಿ ಪೆಡಲ್ ತುಳಿಯುತ್ತದೆ. ಅವತ್ತು ಹಾಗೆ ತುಳಿಯುತ್ತ ಕೂತಾಗ ನೀನು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ನಮ್ಮ ಬೀದಿಯ ಬಾಗಿಲುಗಳನ್ನು ಬಡಿದ ಬೆಳಗ್ಗೆ ನೆನಪಾಯಿತು. "ಇಡೀ ಬೀದಿಗೆ ಒಂದೇ ಕೋಟು ಹೊಲಿತೀನಿ. ಯಾರಿಗೂ ಚಳಿ ಆಗ್ಬಾರ್ದು. ತೋಳು ಎರಡೇ ಇರತ್ತೆ, ಜಗಳ ಆಡದೆ ಹಂಚ್ಕೊಳ್ಳಿ!" ಕಣ್ಣು ಉಜ್ಜಿಕೊಂಡು ಬಂದ ಗಡಿಯಾರದಂಗಡಿಯವರ ಎದೆಸುತ್ತಳತೆಯನ್ನೂ ತೆಗೆದುಬಿಟ್ಟೆಯಲ್ಲ. ಆ ಮಾತುಗಳನ್ನು ಒಂದಕ್ಷರ ಬಿಡದೆ ಅವನ ಬೆನ್ನಿಗೆ ಹೊಂದಿಸಿದೆ. ಹೇಳಿ ಮಾಡಿಸಿದ ಹಾಗೆ ಕೂತವು. ನಿರ್ದೇಶಕರು ಕುರ್ಚಿಯಿಂದ ಎದ್ದು ನಕ್ಕರು. "ಎಲ್ಲಿಂದ ತಂದ್ರೀ ಇದನ್ನ?" ಎಂದರು. ನಾನು "ಹಾಗೇ ಹೊಳೀತು ಸರ್" ಎಂದೆ.

ಈಗ ಎಲ್ಲರ ಬಾಯಲ್ಲೂ ಅದೇ ಮಾತು. ಬಸ್ಸಿನಲ್ಲಿ ಸೀಟಿಗೆ ಕಿತ್ತಾಡುವವರು "ಜಗಳ ಆಡದೆ ಹಂಚ್ಕೊಳ್ಳಿ" ಎಂದು ನಗುತ್ತಾರೆ. ಮೂಲಕ್ಕಿಂತ ನಮ್ಮ ಭಾಷೆಯಲ್ಲೇ ಆ ದೃಶ್ಯ ಚೆನ್ನ ಎಂದು ಪತ್ರಿಕೆಯವರು ಬರೆದರು. ಸ್ಟುಡಿಯೋದವರು ಚಹಾಕೂಟ ಇಟ್ಟುಕೊಂಡು ನನ್ನನ್ನು ನಡುವೆ ಕೂರಿಸಿದರು. ನಾಯಕನಿಗೆ ದನಿ ಕೊಟ್ಟ ಹುಡುಗ "ಇಂಥ ಅಣ್ಣ ಇದ್ದಿದ್ರೆ ಮನೇಲಿ ದಿನಾ ಮಜಾ ಅಲ್ವಾ ಮೇಡಂ?" ಎಂದ. ಪಕ್ಕದಲ್ಲಿದ್ದ ಎಡಿಟರಮ್ಮ ಸುಮ್ಮನೆ ಮಾತಿಗೆ "ನಿಮಗೆ ಅಣ್ಣ ತಮ್ಮಂದಿರು?" ಎಂದು ಕೇಳಿದರು. ನಾನು ಬಿಸ್ಕತ್ತು ಚಹಾದಲ್ಲಿ ಅದ್ದುತ್ತ "ಇಲ್ಲ, ನಾನೊಬ್ಬಳೇ" ಎಂದೆ. ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಯಾರೂ ನನ್ನ ಮುಖ ನೋಡಲಿಲ್ಲ. ನಿನ್ನ ಮಾತು ಬೇಕಾಯಿತು, ನೀನು ಬೇಡವಾದೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎನ್ನುತ್ತಾರಲ್ಲ, ನಾನು ಸ್ವಂತ ಅಣ್ಣನನ್ನೇ ತಳ್ಳಿ ನೋಡಿದೆ.

ಹೋದ ಶನಿವಾರ ಚಿಕ್ಕಮ್ಮನನ್ನು ಸಿನಿಮಾಗೆ ಕರೆದುಕೊಂಡು ಹೋಗಿದ್ದೆ. ಒಳ್ಳೆ ಬಟ್ಟೆ ಉಟ್ಟು, ಟಿಕೆಟ್ ಹರಿಯುವವನಿಗೂ "ನಮ್ಮ ಹುಡುಗಿ ಬರೆದಿರೋದು" ಎಂದು ಹೇಳಿಯೇ ಒಳಗೆ ಬಂದಳು. ಆ ದೃಶ್ಯ ಬಂತು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಅವಳು ನನ್ನ ಕೈ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಒಂದೇ ಮಾತು ಕೇಳಿದಳು: "ಆಮೇಲಿನ ಮಾತು ಎಲ್ಲೇ?"

ನಿನಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಅವತ್ತು ಬೀದಿಯ ಕೊನೆಯಲ್ಲಿ, ಮುಚ್ಚಿದ್ದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೀನು ಹೇಳಿದ್ದು: "ಭಯ ಆಗ್ತಿದೆ. ಮನೆಗೆ ಕರ್ಕೊಂಡು ಹೋಗಿ." ಆಗ ನಗುತ್ತಿದ್ದವರೆಲ್ಲ ತೆಪ್ಪಗಾಗಿದ್ದರು. ಚಿಕ್ಕಮ್ಮ ಚಪ್ಪಲಿ ಕೂಡ ಮೆಟ್ಟದೆ ಓಡಿಬಂದು ನಿನ್ನನ್ನು ಎಬ್ಬಿಸಿದಳು. ನಾನು ಅವಳ ಹಿಂದೆ ನಿಂತಿದ್ದೆ. ಸಿನಿಮಾದಲ್ಲೂ ಆ ಜಾಗದಲ್ಲಿ ನಾಯಕ ತಿರುಗುತ್ತಾನೆ, ತೆರೆಯ ತುಂಬ ಅವನ ಮುಖ, ಏನೋ ಎರಡು ಮಾತು ಹೇಳುತ್ತಾನೆ. "ಅಲ್ಲಿ ಅವನ ತುಟಿಗೆ ಅದು ಕೂಡಲಿಲ್ಲ ಚಿಕ್ಕಮ್ಮ, ನಮ್ಮ ಕೆಲಸವೇ ಹಾಗೆ" ಎಂದು ಹೇಳಿದೆ. ಅವಳು ನಂಬಿದಳು. ಆದರೆ ನಾನು ಕನ್ನಡಿಯ ಮುಂದೆ ಹೇಳಿ ನೋಡಿದ್ದೆ ಅಣ್ಣಾ. ಭಯ ಎನ್ನುವಲ್ಲಿ ಅವನ ತುಟಿ ಕೂಡುತ್ತದೆ, ಮನೆ ಎನ್ನುವಲ್ಲೂ ಕೂಡುತ್ತದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತಿತ್ತು. ಆ ಮಾತು ಬಂದರೆ ನಗು ಅಲ್ಲೇ ನಿಂತುಬಿಡುತ್ತದೆ ಎಂದು ನಾನೇ ಬಿಟ್ಟೆ, "ಏನ್ ಚೆಂದದ ಬೆಳಗ್ಗೆ!" ಎಂದು ತುಂಬಿದೆ.

ಹಾಗಾಗಿ ಈ ಸಿನಿಮಾಗೆ ಹೊಗಳಿಕೆ ಅತಿಯಾಯಿತೇ ಎಂದು ಯಾರಾದರೂ ಕೇಳಿದರೆ ಹೌದೆನ್ನುತ್ತೇನೆ, ಅದರಲ್ಲೂ ಆ ದೃಶ್ಯಕ್ಕೆ ಅತಿಯಾಯಿತು. ಅರ್ಧ ಮಾತಿಗೆ ಸಿಕ್ಕ ಚಪ್ಪಾಳೆ ಅದು. ಚಪ್ಪಾಳೆ ತಟ್ಟಿದವರು ದೂರದವರು, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನೀನು ಭಾನುವಾರ ಕುರ್ಚಿ ಹಾಕಿ, ಹೆಮ್ಮೆಯಿಂದ ಮುಂದಿನ ಸಾಲಿನಲ್ಲಿ ಕೂತು, ನಿನ್ನ ಜೊತೆಯವರ ನಡುವೆ ಆ ಮಾತು ಕೇಳಿಸಿಕೊಳ್ಳುವುದನ್ನು ನೆನೆದೇ ಈ ಪತ್ರ ಬರೆಯಲು ಕೂತೆ. ನೋಡಬೇಡ ಎನ್ನುವ ಹಕ್ಕು ನನಗಿಲ್ಲ. ಗೊತ್ತಿಲ್ಲದೆ ನೋಡಬೇಡ, ಅಷ್ಟೇ. ಆ ಮಾತು ಯಾರದೆಂದು ಸ್ಟುಡಿಯೋದಲ್ಲಿ ಇನ್ನೂ ಹೇಳಿಲ್ಲ. ನಿನ್ನನ್ನು ಕೇಳದೆ ಕದ್ದೆ, ಇನ್ನು ಕೇಳದೆ ಹೇಳಿಯೂಬಿಟ್ಟರೆ ಅದು ಇನ್ನೊಂದು ಕಳ್ಳತನ. ನೀನು ಹೂಂ ಅಂದರೆ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಮಾತು ಬಿಡಬೇಡ.

ಪೋಸ್ಟ್‌ಮ್ಯಾನ್ ತಾತನಿಗೆ ನನ್ನ ನಮಸ್ಕಾರ ಹೇಳು, ಆನೆಯನ್ನು ಓರೆಯಾಗಿ ನಡೆಸಿದರೆ ಸುಮ್ಮನೆ ಬಿಡಬೇಡ. ನರ್ಸಮ್ಮನಿಗೆ ನೆನಪು. ಚಿಕ್ಕಮ್ಮ ನಿನ್ನ ತಲೆ ಸವರಿದೆ ಎಂದು ಬರೆಯಲು ಹೇಳಿದಳು, ಹಾಗೇ ಬರೆದಿದ್ದೇನೆ.

ತಲೆ ತಗ್ಗಿಸಿ,
ನಿನ್ನ ಪಿಟಿಪಿಟಿ

ಮರೆತೆ: ಟಪಾಲು ಹೊರಡುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. "ಡಾಕ್ಟರು ಹೋಗಬಹುದು ಅಂದಿದಾರೆ, ಮನೆಗೆ ಯಾವಾಗ?" ಎಂದು ನೀನು ಮತ್ತೆ ಕೇಳಿದ್ದೆ. ಸಿನಿಮಾ ಕೆಲಸ ಮುಗಿಯಲಿ, ಜಾಗ ಸಾಲದು ಎಂದು ತಿಂಗಳುಗಟ್ಟಲೆ ತಳ್ಳಿದೆ. ಜಾಗ ಇತ್ತು. ಈ ಪತ್ರವನ್ನು ನೆಲದ ಮೇಲೆ ಕೂತು ಬರೆದಿದ್ದೇನೆ, ಮೆಷಿನ್ನಿನ ಮೇಲಿದ್ದ ನನ್ನ ಕಾಗದವೆಲ್ಲ ತೆಗೆದು ಚಿಕ್ಕಮ್ಮ ಅದಕ್ಕೆ ಎಣ್ಣೆ ಬಿಡುತ್ತಿದ್ದಾಳೆ. ಭಾನುವಾರ ಕುರ್ಚಿ ಹಾಕುವಾಗ ನಿನ್ನ ಪಕ್ಕ ನನಗೂ ಒಂದು ಹಾಕು. ನೋಡೋಣವೆಂದರೆ ಒಟ್ಟಿಗೆ ನೋಡೋಣ, ನಡುವೆ ಎದ್ದರೆ ಒಟ್ಟಿಗೆ ಏಳೋಣ. ಬಟ್ಟೆಬರೆ, ಮಾತ್ರೆ ಎಲ್ಲ ಕಟ್ಟಿಟ್ಟಿರು. ಸಂಜೆಯ ಬಸ್ಸಿಗೆ ಎರಡು ಸೀಟು ಹೇಳಿದ್ದೇನೆ. ಇವತ್ತು ಬೆಳಗ್ಗೆ ಸ್ಟುಡಿಯೋದ ಎಡಿಟರಮ್ಮ ಟಿಕೆಟ್ ನೋಡಿ ಇನ್ನೊಂದು ಯಾರಿಗೆ ಎಂದು ಕೇಳಿದರು. ನಮ್ಮಣ್ಣನಿಗೆ ಎಂದೆ.