ಅಪ್ಪನ ಕಾಲು

ಹೊರಮಾವು

ಅಪ್ಪನಿಗೆ ಗಂಗಾಳ ನಮಸ್ಕಾರ.

ಒಂದೇ ಕೋಣೆಯ ಮನೆ, ಫೋನಿನಲ್ಲಿ ಹೇಳಿದರೆ ಇವರಿಗೆ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆ.ಆರ್. ಪುರದ ಸಿಗ್ನಲ್‌ನಲ್ಲಿ ನಿಂತಿದ್ದ ಇವರ ಟ್ಯಾಕ್ಸಿಗೆ ಹಿಂದಿನಿಂದ ವ್ಯಾನೊಂದು ತಾಗಿತು. ಗಾಡಿಗೆ ಬರೀ ಗೀರು, ಆದರೆ ಇವರ ಕುತ್ತಿಗೆ ತಿರುಗುತ್ತಿಲ್ಲ. ಸ್ಕ್ಯಾನ್ ಆಗುವವರೆಗೆ ಯಾರೂ ಮುಟ್ಟಬಾರದು ಎಂದು ಡಾಕ್ಟರು ಪಟ್ಟಿ ಹಾಕಿದ್ದಾರೆ.

"ಮಾವಾರು ಕಾಲು ಮುಂದಾಗಿ ಹುಟ್ಟಿದವರು. ಬಂದು ಒಮ್ಮಿ ಒದ್ರ ಸಾಕು, ಉಳುಕು ಬಿಡ್ತದ. ಸ್ಕ್ಯಾನ್ ಯಾಕ?" ಎನ್ನುತ್ತಾ ಇವರು ನಿಮ್ಮ ದಾರಿ ಕಾಯುತ್ತಿದ್ದಾರೆ.

ಊರಿನವರ ಉಳುಕು ನೀವು ಬಿಡಿಸಿದ್ದನ್ನು ನಾನೂ ಕಂಡಿದ್ದೇನೆ. ಇದು ಉಳುಕಲ್ಲ, ಅಪ್ಪಾ. ಬೆಳಿಗ್ಗೆ ಇವರ ಕೈಯಿಂದ ಚಹಾದ ಲೋಟ ಜಾರಿತು. ಬಿದ್ದ ಸದ್ದಾದ ಮೇಲೆಯೇ ಇವರಿಗೆ ಗೊತ್ತಾಯಿತು.

ಬರುವಾಗ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಬನ್ನಿ. ನಿಮ್ಮ ಕಾಲೇ ಉಳುಕಿದೆ ಎನ್ನಿ.

ನಿಮ್ಮ ಮಗಳು
ಗಂಗಾ