ಮಗ್ಗುಲಾದರೆ ಕಾಣುವ ಮೀನು

ಇಪ್ಪತ್ತೆರಡನೇ ತಾರೀಕು, ಭಾನುವಾರ ಮಧ್ಯಾಹ್ನ
ಕನ್ನಡಕದ ಅಂಗಡಿಯ ಹಿಂದಿನ ಕೋಣೆ

ಕೊಕ್ಕರೆಯವರಿಗೆ,

ಕ್ಷೇಮ ಸಮಾಚಾರ ವಿಚಾರಿಸುವಷ್ಟು ಸಮಾಧಾನ ನನಗಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಮನೆ ಬಿಟ್ಟು ಹೋಗಿ ಏಳು ತಿಂಗಳಾದ ಮೇಲೆ ಗಂಡನ ಕಾಗದ ಬಂತೆಂದು ಗಾಜು ಕೊರೆಯುವ ಯಂತ್ರ ನಿಲ್ಲಿಸಿ, ಕೈ ತೊಳೆದು, ಬಾಗಿಲು ಹಾಕಿಕೊಂಡು ಒಡೆದರೆ ಒಳಗೆ ನಾಲ್ಕೇ ಸಾಲು. ನಾಲ್ಕೂ ತಂಪು ಕನ್ನಡಕದ ಬಗ್ಗೆ. ಇಪ್ಪತ್ತಮೂರರ ಸೋಮವಾರ ದೋಣಿ ಮಾಲೀಕರು ತಾವೇ ನಿಮ್ಮ ದೋಣಿಯಲ್ಲಿ ಕೂರುತ್ತಾರೆ, ಬಂಡೆಗಳ ನಡುವೆ ಒಂದು ಸುತ್ತು ಹೊಡೆಸಿ ನೋಡುತ್ತಾರೆ. ತಗುಲಿಸದೆ ತಂದರೆ ದೋಣಿ ಮತ್ತೆ ನಿಮ್ಮ ಕೈಗೆ, ತಗುಲಿಸಿದರೆ ಜೀವನಪೂರ್ತಿ ಈಗ ಕೂತಿರುವ ಟಿಕೆಟ್ ಕಿಟಕಿಯೇ. ಅದಕ್ಕೆ ಗಿರಾಕಿಗಳಿಂದ ಮೀನು ಹಿಡಿಸುವವರಿಗೆ, ದಿನವಿಡೀ ಬಿಸಿಲಲ್ಲಿರುವವರಿಗೆ ಒಳ್ಳೆಯದೊಂದು ಆರಿಸಿ ಕಳಿಸಬೇಕು, ಕಪ್ಪು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ, ಇದರ ಜೊತೆ ಇಟ್ಟಿರುವ ಹಳೆಯದರ ಕಡ್ಡಿ ಮುರಿದಿದೆ, ಸಾಧ್ಯವಾದರೆ ರಿಪೇರಿ ಮಾಡು. ಇಷ್ಟೇ. ಹೇಗಿದ್ದೀಯ ಎಂದು ಬರೆಯಲು ಇಂಕು ಸಾಲಲಿಲ್ಲವೇನೋ.

ಕಪ್ಪು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲ. ಕನ್ನಡಕದ ಗಾಜು ಕೊರೆಯುವವಳ ಜೊತೆ ಇಪ್ಪತ್ತೆರಡು ವರ್ಷ ಬಾಳಿ ಈ ಪ್ರಶ್ನೆ ಕೇಳುತ್ತೀರಲ್ಲ, ನಾನು ಊಟದ ಹೊತ್ತಿನಲ್ಲಿ ಆಡಿದ್ದೆಲ್ಲ ಗೋಡೆಗೆ ಆಡಿದ್ದೇ? ಬರೀ ಬಣ್ಣ ಬಳಿದ ಗಾಜು ಕಣ್ಣಿಗೆ ಮೋಸ ಮಾಡುತ್ತದೆ. ಕತ್ತಲಾಯಿತೆಂದು ಪಾಪೆ ಅಗಲವಾಗುತ್ತದೆ, ಸುಡುವ ಕಿರಣಗಳಿಗೆ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ. ಅತಿನೇರಳೆ ಕಿರಣವನ್ನು ಪೂರ್ತಿ ತಡೆಯುವ ಗಾಜು ಬೇಕು. ಚೀಟಿಯಲ್ಲಿ ಹಾಗೆಂದು ಬರೆದಿದ್ದರೂ ಅಂಗಡಿಯ ಯಂತ್ರದಲ್ಲಿಟ್ಟು ನೋಡಿಯೇ ಕೊಳ್ಳಬೇಕು, ಬಸ್ ನಿಲ್ದಾಣದಲ್ಲಿ ಕೊಡೆಗೆ ನೇತುಹಾಕಿ ಮಾರುವವನಿಂದಲ್ಲ. ನೀರಿನ ಮೇಲೆ ದುಡಿಯುವವರಿಗೆ ಇದೊಂದೇ ಸಾಲದು, ಪೋಲರೈಸ್ಡ್ ಗಾಜೇ ಆಗಬೇಕು. ನೀರಿನ ಮೇಲಿನ ಹೊಳಪನ್ನು ಅಳಿಸಿ ತಳದ ಕಲ್ಲನ್ನೂ ಮೀನನ್ನೂ ತೋರಿಸುವುದು ಅದೊಂದೇ. ಕೆರೆಯ ನಡುವಿನ ಆಳದ ನೀರಿಗಾದರೆ ಬೂದು ಬಣ್ಣ ಸಾಕು. ನಿಮ್ಮದು ಬಂಡೆ, ಜೊಂಡು, ಕೆಸರಿನ ದಡ, ಅಲ್ಲಿಗೆ ಕಂದು. ಕನ್ನಡಿಯ ಹಾಗೆ ಮಿನುಗುವುದು ಮದುವೆಮನೆಯ ಫೋಟೊಗೆ ಚೆಂದ. ಬೆಳಕು ಪಕ್ಕದಿಂದಲೂ ನುಗ್ಗುತ್ತದೆ, ಆದ್ದರಿಂದ ಚೌಕಟ್ಟು ಕೆನ್ನೆಯವರೆಗೆ ಸುತ್ತಿಕೊಂಡಿರಬೇಕು. ಬೆವರಿಗೆ ಜಾರದಂತೆ ಮೂಗಿನ ಹತ್ತಿರ ರಬ್ಬರು, ಹಿಂದೆ ದಾರ. ದಾರ ಕಟ್ಟಿದರೆ ಮುದುಕನಂತೆ ಕಾಣುತ್ತೇನೆ ಎಂದು ಕೆರೆಗೆ ಎರಡು ಜೊತೆ ದಾನ ಮಾಡಿದ್ದೀರಿ. ಅಂಗಿಯ ತುದಿಯಿಂದ ಒರೆಸಬೇಡಿ. ಹಾಕಿಕೊಂಡು ಫೋನು ನೋಡುವಾಗ ಪರದೆ ಕಪ್ಪಾದರೆ ಫೋನು ಕೆಟ್ಟಿತೆಂದು ಅದನ್ನು ಬಡಿಯಲೂ ಬೇಡಿ, ಆ ಗಾಜಿನ ಗುಣವೇ ಹಾಗೆ.

ಈಗ ಹಳೆಯದರ ವಿಷಯ. ಮೂರು ವರ್ಷದ ಹಿಂದೆ ನಾನೇ ಕೊರೆದು ಕೂರಿಸಿಕೊಟ್ಟದ್ದು. ಕೊಟ್ಟ ವಾರದಿಂದಲೇ ನಿಮ್ಮ ತಕರಾರು ಶುರುವಾಗಿತ್ತು. ಅದನ್ನು ಹಾಕಿಕೊಂಡು ದೋಣಿಯ ಹಲಗೆಯ ಮೇಲೆ ಒಂದು ಮಗ್ಗುಲಾಗಿ ಒರಗಿ, ಕಿವಿ ನೀರಿಗೆ ತಗಲುವಷ್ಟು ಬಾಗಿ ಮೀನು ಹುಡುಕುತ್ತೀರಿ ಎಂದು ಕೆರೆಯವರೆಲ್ಲ ನಗುತ್ತಿದ್ದರು. ಇದೇನು ಅವತಾರ ಎಂದು ಕೇಳಿದ್ದಕ್ಕೆ ನೀವು ಅಂದದ್ದು ನನಗೆ ಅಕ್ಷರಶಃ ನೆನಪಿದೆ. "ಕೂತ್ರೆ ಬರೀ ಆಕಾಶ ಕಾಣುತ್ತೆ ಕಣೇ, ಮಲಗಿದ್ರೆ ಮೀನು ಕಾಣುತ್ತೆ." ಸೋಮಾರಿತನಕ್ಕೆ ಇಂಥ ನೆಪವನ್ನು ನಾನು ಕಂಡಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮಗಳ ಮುಂದೆಯೇ ಆಡಿಕೊಂಡೆ. ಕತ್ತು ಓರೆ ಮಾಡಿ ಮಾಡಿ ನೋವು ಬಂದು ನೀವು ಎಣ್ಣೆ ತಿಕ್ಕಿಸಿಕೊಳ್ಳುವಾಗ ಕೊಕ್ಕರೆ ಎಂದು ಹೆಸರಿಟ್ಟವಳೂ ನಾನೇ. ಮಗಳ ಬಾಯಿಂದ ಅದು ದೋಣಿಯವರ ಬಾಯಿಗೆ ಹೋಯಿತು, ಅಲ್ಲಿಂದ ಗಿರಾಕಿಗಳ ಬಾಯಿಗೆ.

ಆಮೇಲೆ ಆ ದಿನ. ಮಧ್ಯಾಹ್ನದ ಇಳಿಬಿಸಿಲಲ್ಲಿ ದೋಣಿ ಮುಳುಗುಬಂಡೆಗೆ ಬಡಿದು ಗಿರಾಕಿಯ ಕೈ ಮುರಿಯಿತು. ಇಪ್ಪತ್ತೈದು ವರ್ಷದಲ್ಲಿ ಒಂದು ಗೀರೂ ಮಾಡದವರು ನೀವು. ಸುದ್ದಿ ಕೇಳಿ ಕೆಲಸದ ಏಪ್ರನ್ನಿನಲ್ಲೇ ಬಸ್ಸು ಹಿಡಿದು ಓಡಿ ಬಂದೆ. ಹೆದರಿದ್ದೆ, ಹೆದರಿದಾಗ ನನಗೆ ಸಿಟ್ಟು ಬರುತ್ತದೆ ಎಂಬುದು ನಿಮಗೆ ಹೊಸತಲ್ಲ. ದೋಣಿಕಟ್ಟೆಯಲ್ಲಿ ಎಲ್ಲರೂ ನಿಂತಿರುವಾಗ ಮಾಲೀಕರಿಗೆ ಹೇಳಿದೆ: "ಇವರ ಕಣ್ಣು ಹೋಗಿದೆ. ಇನ್ನು ದೋಣಿ ಕೊಡ್ಬೇಡಿ." ಕನ್ನಡಕದ ಅಂಗಡಿಯವಳೇ, ಅದೂ ಹೆಂಡತಿಯೇ ಹೇಳಿದ ಮೇಲೆ ಅವರು ಇನ್ಯಾರನ್ನು ಕೇಳಬೇಕು? ಮರುದಿನ ನೀವು ಕಣ್ಣಿನ ಡಾಕ್ಟರ ಚೀಟಿ ತಂದು ಮೇಜಿನ ಮೇಲಿಟ್ಟಿರಿ. ಎರಡೂ ಕಣ್ಣು ಸರಿಯಾಗಿವೆ ಎಂದು ಬರೆದಿತ್ತು. ಗೋಡೆಯ ಮೇಲಿನ ಅಕ್ಷರ ಓದುವುದೂ ನೀರಿನಲ್ಲಿ ಬಂಡೆ ಕಾಣುವುದೂ ಒಂದೇ ಅಲ್ಲ ಎಂದೆ. ನೀವು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೊರಟಿರಿ. ಕೆರೆಯಾಚೆಯ ನಿಮ್ಮ ಅಣ್ಣನ ಮನೆಯಲ್ಲಿ ಇದ್ದೀರೆಂದು ಮಗಳಿಂದ ತಿಳಿಯಿತು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಮುಂದಿನದನ್ನು ಬರೆಯದಿದ್ದರೆ ಇದು ಒಳ್ಳೆಯ ಕಾಗದವಾಗುತ್ತಿತ್ತು. ತಪ್ಪೆಲ್ಲ ನಿಮ್ಮ ಕಡೆ, ಬುದ್ಧಿವಾದವೆಲ್ಲ ನನ್ನ ಕಡೆ.

ನಿಮ್ಮ ಹಳೆಯದಕ್ಕೆ ಹೊಸ ಕಡ್ಡಿ ಹಾಕಿದೆ. ಪೋಲರೈಸ್ಡ್ ಹೌದೋ ಅಲ್ಲವೋ ಎಂದು ಗಿರಾಕಿಗಳಿಗೆ ತೋರಿಸಲು ನಮ್ಮಲ್ಲಿ ಒಂದು ಪರೀಕ್ಷೆ ಇದೆ. ಅಂಥ ಎರಡು ಕನ್ನಡಕಗಳನ್ನು ಒಂದರ ಹಿಂದೊಂದು ಹಿಡಿಯುವುದು. ಎರಡೂ ನೆಟ್ಟಗಿದ್ದರೆ ಆಚೆಯದು ಕಾಣುತ್ತದೆ, ಒಂದನ್ನು ಅಡ್ಡಕ್ಕೆ ತಿರುಗಿಸಿದರೆ ಕತ್ತಲೆ. ದಿನಕ್ಕೆ ಹತ್ತು ಸಲ ಮಾಡುವ ಆಟ. ನಿಮ್ಮದನ್ನೂ ಒಂದು ಹೊಸದನ್ನೂ ಹಿಡಿದೆ, ಎರಡೂ ನೆಟ್ಟಗೆ. ಕತ್ತಲೆ. ಕೈ ತಪ್ಪಿತೆಂದು ಮತ್ತೆ ಹಿಡಿದೆ, ಬೇರೆ ಕನ್ನಡಕ ತೆಗೆದು ಹಿಡಿದೆ, ಕಿಟಕಿಯ ಹತ್ತಿರ ಹೋಗಿ ಹಿಡಿದೆ. ಕತ್ತಲೆಯೇ.

ಆ ಗಾಜಿನೊಳಗೆ ಕಣ್ಣಿಗೆ ಕಾಣದ ಕಂಬಿಗಳಿವೆ ಎಂದುಕೊಳ್ಳಿ, ಕಿಟಕಿಗೆ ಇರುವ ಹಾಗೆ. ನೀರಿನಿಂದ ಏಳುವ ಹೊಳಪು ಅಡ್ಡಡ್ಡವಾಗಿ ಬರುತ್ತದೆ. ಕಂಬಿ ನೆಟ್ಟಗಿದ್ದರೆ ಅದು ತೂರಲಾರದು, ಕಂಬಿ ಅಡ್ಡಕ್ಕಿದ್ದರೆ ಸಲೀಸಾಗಿ ಒಳಗೆ ಬರುತ್ತದೆ. ನಿಮಗೆ ನಾನು ಅಡ್ಡ ಕಂಬಿ ಕೂರಿಸಿಕೊಟ್ಟಿದ್ದೆ. ಎರಡು ಕಣ್ಣಿಗೂ. ತಲೆಯನ್ನು ಮಗ್ಗುಲಿಗೆ ವಾಲಿಸಿದರೆ ಮಾತ್ರ ಅದು ನೆಟ್ಟಗಾಗುತ್ತದೆ.

ಹೇಗಾಯಿತೆಂದೂ ಗೊತ್ತಾಗಿದೆ. ಅಂಥ ಗಾಜು ಅಂಗಡಿಗೆ ಬಂದದ್ದು ಅದೇ ಮೊದಲು. ಕೊರೆಯುವ ಮುನ್ನ ದುಂಡು ಗಾಜಿನ ಅಂಚಿನಲ್ಲಿ ಎರಡು ಸಣ್ಣ ಗುರುತುಗಳಿರುತ್ತವೆ, ಅವು ಎಡಬಲಕ್ಕೆ ಬರಬೇಕು. ಅದನ್ನು ಹೇಳಿಕೊಡುವವರು ಮುಂದಿನ ವಾರ ಬರುವವರಿದ್ದರು. ಮೊದಲ ಜೊತೆ ನಿಮಗೇ ಆಗಬೇಕೆಂಬ ಆಸೆಯಲ್ಲಿ ನಾನು ಕಾಯಲಿಲ್ಲ. ಮೇಲೆ ಕೆಳಗೆ ಇರಬೇಕೇನೋ ಎಂದು ನಾನೇ ಊಹಿಸಿ ಕೊರೆದುಬಿಟ್ಟೆ. ಅವರು ಬಂದು ಕಲಿಸಿದ ಮೇಲೆ ಬೇರೆಯವರದೆಲ್ಲ ಸರಿಯಾಗಿಯೇ ಆಗಿದೆ. ನಿಮ್ಮದನ್ನು ತಿರುಗಿ ನೋಡಲಿಲ್ಲ. ಊರಿಗೆಲ್ಲ ಪರೀಕ್ಷೆ ಮಾಡಿಕೊಡುವವಳ ದೀಪದ ಬುಡದಲ್ಲೇ ಕತ್ತಲೆ.

ಆದರೂ ನಂಬಿಕೆಯಾಗಲಿಲ್ಲ. ನಿಮ್ಮ ಕನ್ನಡಕ ಹಾಕಿಕೊಂಡು ಉದ್ಯಾನದ ಕೊಳಕ್ಕೆ ಹೋದೆ. ಕಟ್ಟೆಯ ಮೇಲೆ ನೆಟ್ಟಗೆ ಕೂತು ನೋಡಿದೆ. ಬರೀ ಆಕಾಶ. ಸೆರಗು ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದೆ. ವಾಕಿಂಗಿಗೆ ಬಂದ ಇಬ್ಬರು ಹೆಂಗಸರು ನಿಂತು, ಹುಷಾರಿಲ್ಲವೇ, ಯಾರಿಗಾದರೂ ಫೋನು ಮಾಡಬೇಕೇ ಎಂದು ಕೇಳಿದರು. ಏನೂ ಇಲ್ಲ, ಮೀನು ನೋಡುತ್ತಿದ್ದೇನೆ ಎಂದೆ. ತಳ ಕಂಡಿತು. ಒಂದು ಚಪ್ಪಲಿ, ಒಂದು ಬಾಟಲಿ ಮುಚ್ಚಳ, ಅದರ ಪಕ್ಕದಲ್ಲಿ ಬೆರಳುದ್ದದ ಮೀನುಗಳ ಗುಂಪು. ಮಲಗಿದಲ್ಲಿಯೇ ಅತ್ತೆ.

ಮೂರು ವರ್ಷ ನೀವು ಸುಳ್ಳು ಹೇಳಿರಲಿಲ್ಲ. ನೆಲವೇ ಡೊಂಕಾಗಿತ್ತು, ಡೊಂಕು ಮಾಡಿದವಳು ನಾನು.

ಇಷ್ಟಾಗಿಯೂ ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಒಂದು ಸಲ ಗಟ್ಟಿಯಾಗಿ ಜಗಳವಾಡಬಾರದಿತ್ತೇ? ಅದನ್ನು ಕೆರೆಗೆ ಎಸೆದು ಬೇರೆ ಕೊಳ್ಳಬಾರದಿತ್ತೇ? ಬೇರೆಯವರು ಕೊಟ್ಟ ಎರಡನ್ನು ಕೆರೆಗೆ ಬೀಳಿಸಿದ ಮನುಷ್ಯ, ಕತ್ತು ನೋಯಿಸುವ ಇದೊಂದನ್ನು ಮೂರು ವರ್ಷ ಕಾಪಾಡಿಕೊಂಡಿರಿ, ಕಡ್ಡಿ ಮುರಿದರೂ ರಿಪೇರಿಗೆ ಕಳಿಸಿದಿರಿ. ಯಾಕೆಂದು ಕೇಳಲು ಧೈರ್ಯವಿಲ್ಲ, ಉತ್ತರ ಗೊತ್ತಿದೆ.

ಇನ್ನೊಂದಿದೆ. ದೋಣಿ ಬಡಿದ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಡುವಾಗ ನಾನು ಅಂದಿದ್ದೆ: "ಇವತ್ತಾದ್ರೂ ಗಿರಾಕಿಗಳ ಮುಂದೆ ಮನುಷ್ಯರ ಥರ ನೆಟ್ಟಗೆ ಕೂತ್ಕೊಳ್ಳಿ." ಎಂದೂ ಕೇಳದವರು ಅವತ್ತು ನನ್ನ ಮಾತು ಕೇಳಿದಿರಿ. ಇವತ್ತು ಇವರು ನೆಟ್ಟಗೆ ಕೂತಿದ್ದರು, ಅದಕ್ಕೇ ಬಂಡೆ ಕಾಣಲಿಲ್ಲವೇನೋ ಎಂದು ಜೊತೆಯ ದೋಣಿಯವನು ಕಟ್ಟೆಯಲ್ಲಿ ಅಂದದ್ದನ್ನು ಕೇಳಿಯೂ ಕೇಳಿಸದವಳ ಹಾಗೆ ಇದ್ದೆ.

ಹೊಸದನ್ನು ಇದರ ಜೊತೆ ಇಟ್ಟಿದ್ದೇನೆ. ಕಂದು ಗಾಜು, ಕೆನ್ನೆ ಸುತ್ತುವ ಚೌಕಟ್ಟು, ಮೂಗಿಗೆ ರಬ್ಬರು, ಹಿಂದೆ ದಾರ. ಇವತ್ತು ಅಂಗಡಿಗೆ ರಜೆ, ಬೀಗದ ಕೈ ಕೇಳಿ ತಂದು ಒಬ್ಬಳೇ ಕೂತು ಕೊರೆದೆ. ಗುರುತುಗಳನ್ನು ಎಡಬಲಕ್ಕೆ ಇಟ್ಟೆ, ಭೂತಗನ್ನಡಿ ಹಿಡಿದು ನಾಲ್ಕು ಸಲ ನೋಡಿದೆ. ಗಾಜಿನ ಅಂಚು ತಗುಲಿ ತೋರುಬೆರಳು ಕೊಯ್ದುಕೊಂಡೆ, ಗಾಯ ದೊಡ್ಡದಲ್ಲ. ಕೊಳದ ಹತ್ತಿರ ಒಯ್ದು ನಾನೇ ಹಾಕಿಕೊಂಡು, ನೆಟ್ಟಗೆ ಕೂತೇ ಮೀನು ಎಣಿಸಿ ಬಂದಿದ್ದೇನೆ.

ಕೊಕ್ಕರೆ ಎಂದು ಇನ್ನು ಕರೆಯುವುದಿಲ್ಲ. ಮೇಲೆ ಬರೆದದ್ದನ್ನು ಹೊಡೆದುಹಾಕದೆ ಬಿಟ್ಟಿದ್ದೇನೆ, ನಾನು ಎಂಥವಳೆಂದು ನನಗೂ ನೆನಪಿರಲಿ.

ಇಂತಿ,
ಗಾಜನ್ನು ಓರೆಯಾಗಿ ಕೂರಿಸಿ ಗಂಡನನ್ನು ಓರೆ ಎಂದವಳು

ಮರೆತದ್ದಲ್ಲ, ಮೇಲೆ ಬರೆಯಲಾಗದ್ದು: ನಿಮ್ಮ ಕಾಗದ ಬಂದು ಹನ್ನೊಂದು ದಿನವಾಯಿತು. ಕತ್ತಲೆಯ ಪರೀಕ್ಷೆ ಮಾಡಿದ್ದು ಮೊದಲ ದಿನವೇ. ಆಮೇಲೆ ಗಾಜು ಮಾಡಿದ ಕಾರ್ಖಾನೆಯ ಮೇಲೆ ತಪ್ಪು ಹೊರಿಸಿ ನಿಮಗೆ ನಾಲ್ಕು ಕಾಗದ ಬರೆದೆ, ನಾಲ್ಕನ್ನೂ ಹರಿದೆ. ಅಷ್ಟರಲ್ಲಿ ಭಾನುವಾರವಾಯಿತು, ಇನ್ನು ಅಂಚೆಗೆ ಹಾಕಿದರೆ ನಾಳೆಗೆ ತಲುಪುವುದಿಲ್ಲ. ಆದ್ದರಿಂದ ಬೆಳಗಿನ ಮೊದಲ ಬಸ್ಸಿಗೆ ನಾನೇ ಹೊರಡುತ್ತೇನೆ. ಮೊದಲು ಮಾಲೀಕರ ಹತ್ತಿರ ಹೋಗಿ, ಅವತ್ತು ಅಲ್ಲಿ ನಿಂತಿದ್ದವರನ್ನೆಲ್ಲ ಕರೆಸಿ, ತಪ್ಪು ನನ್ನದೆಂದು ಹೇಳುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ಅದು ಮುಗಿದಿರುತ್ತದೆ. ಟಿಕೆಟ್ ಕಿಟಕಿಯಲ್ಲಿ ನೀವು ಯಾರ ಮುಖವನ್ನೂ ನೋಡುವುದಿಲ್ಲ, ಬರೀ ಕೈ ನೋಡುತ್ತೀರಿ ಎಂದು ಮಗಳು ಹೇಳಿದ್ದಾಳೆ. ಈ ಲಕೋಟೆಯನ್ನು ಒಳಗೆ ತೂರಿಸಿದ, ಬೆರಳಿಗೆ ಪಟ್ಟಿ ಸುತ್ತಿದ್ದ ಕೈ ನನ್ನದು. ತಲೆ ಎತ್ತಿ. ಎದುರಿನ ಬೆಂಚಿನ ಮೇಲಿದ್ದೇನೆ, ನೆಟ್ಟಗೆ ನೋಡಿದರೆ ಕಾಣುತ್ತೇನೆ.