ಏಳನೇ ತಾರೀಖಿನ ಪುಟ

ಮಾರ್ಚ್ ೬, ಸಂಜೆ

ಮತ್ತೆ ತಲೆನೋವು. ಮೈಯೆಲ್ಲ ಸಿಮೆಂಟ್ ಧೂಳು. ಶಾಲಾ ಕಟ್ಟಡದ ಎರಡನೇ ಸ್ಲ್ಯಾಬಿನ ಟೆಸ್ಟ್ ರಿಪೋರ್ಟ್ ಬಂತು, ಗಟ್ಟಿಯಾಗಿದೆ. ನಾಳೆಯಿಂದ ಅದಕ್ಕೆ ಆಸರೆ ಕೊಟ್ಟಿರುವ ಸೆಂಟ್ರಿಂಗ್ ಹಲಗೆ ಬಿಚ್ಚಬಹುದೆಂದು ಮೇಸ್ತ್ರಿಗೆ ಚೀಟಿ ಬರೆದಾಯಿತು. ಇಂಜಿನಿಯರ್, ಅಂದರೆ ನನ್ನ, ಸಹಿಯ ಚೀಟಿ ಕೈಗೆ ಬರದೆ ಅವರು ಒಂದು ಮೊಳೆಯನ್ನೂ ಕೀಳುವವರಲ್ಲ. ಮರೆಯಬಾರದೆಂದು ಈ ಡೈರಿಯ ನಾಳೆಯ ಪುಟದಲ್ಲೇ ಇಟ್ಟಿದ್ದೇನೆ.

ಮಾರ್ಚ್ ೧೭

ಹತ್ತು ದಿನ ಜ್ವರ. ಇವತ್ತು ಸೈಟಿಗೆ ಹೋದೆ. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡಿದ್ದರು. "ಕೆಲ್ಸ ಎಷ್ಟು ದಿನ ಲೇಟು, ಯಾರಿಂದ ಲೇಟು, ಶುಕ್ರವಾರ ಪಟ್ಟಿ ಕೊಡಿ. ನಮ್ಮೋರದ್ದು ತಪ್ಪಿದ್ರೆ ಮುಂದಿನ ಸೈಟಿಗೆ ಅವ್ರು ಬೇಡ."

ತಡವಾದ ಒಂದೊಂದು ದಿನಕ್ಕೂ ಬಣ್ಣ ಹಚ್ಚಲು ಪೆನ್ಸಿಲ್ ಹಿಡಿದು ಕೂತೆ. ಬಿರುಗಾಳಿ — ಯಾರ ತಪ್ಪೂ ಅಲ್ಲ, ನೀಲಿ. ಶಾಲೆಯವರು ಕಿಟಕಿಯ ನಕ್ಷೆ ಬದಲಿಸಿ ಕಾಯಿಸಿದ್ದು — ಹಳದಿ. ನಮ್ಮದು ಕೆಂಪು. ಟೈಲ್ಸ್ ಹನ್ನೆರಡು ದಿನ ತಡವಾಗಿ ಬಂದವು. ಆದರೆ ಹಾಕಲು ನೆಲವೇ ಸಿದ್ಧವಿರಲಿಲ್ಲ! ಅಂದರೆ ತಡವಾದದ್ದೆಲ್ಲ ಕಟ್ಟಡವನ್ನು ತಡೆಯುವುದಿಲ್ಲ. ಮಜಾ ಇದೆ ಇದು.

ಸೆಂಟ್ರಿಂಗ್ ಬಿಚ್ಚಿದ್ದು ಒಂಬತ್ತು ದಿನ ತಡ. ಮೇಸ್ತ್ರಿ ಹೆಸರಿಗೆ ಕೆಂಪು. ಇಷ್ಟು ಅನುಭವಸ್ಥರು... ಏನಾಗಿತ್ತು ಇವರಿಗೆ?

ಮಾರ್ಚ್ ೧೮

ನಕ್ಷೆಗೆ ಕಾದ ಐದು ದಿನ ಈ ಒಂಬತ್ತರೊಳಗೇ ಬರುತ್ತವೆ. ಒಂದೇ ದಿನಕ್ಕೆ ಎರಡು ಬಣ್ಣವೇ? ಅಕ್ಕನನ್ನು ಕೇಳಿದೆ.

"ನೀನು ಬಚ್ಚಲಿಂದ ಬರ್ಲಿಲ್ಲ, ನಾನು ಹಾಸಿಗೆಯಿಂದ ಏಳ್ಲಿಲ್ಲ. ಬಸ್ ತಪ್ಪಿದ್ದು ಯಾರಿಂದ?"

"ಇಬ್ರಿಂದ್ಲೂ."

"ಮತ್ತೆ ದಿನಾ ನನ್ನೊಬ್ಳಿಗೇ ಬೈತೀಯಲ್ಲೇ!"

ಐದಕ್ಕೆ ಎರಡೂ ಬಣ್ಣ ಹಚ್ಚಿದೆ. ನಾಲ್ಕು ಬರೀ ಕೆಂಪಾಗಿ ಉಳಿದವು.

ಮಾರ್ಚ್ ೧೯, ಮಧ್ಯಾಹ್ನ

ತಡೆಯಲಾರದೆ ಮೇಸ್ತ್ರಿಯನ್ನೇ ಕೇಳಿದೆ.

"ಚೀಟಿ ಬಂದಿರ್ಲಿಲ್ಲ ಮೇಡಂ. ಹದಿನಾರಕ್ಕೆ ಮ್ಯಾನೇಜರೇ ಸಹಿ ಹಾಕಿಕೊಟ್ರು, ಬಿಚ್ಚಿದ್ವಿ."

"ಫೋನ್ ಮಾಡೋದಲ್ವಾ?"

"ಜ್ವರ ಬಂದು ಮಲಗಿರೋರನ್ನ ಎಬ್ಬಿಸಿ ಕೇಳೋದಾ?"

ಕೊಟ್ಟಿದ್ದೆನಲ್ಲ! ಈ ಡೈರಿ ತಿರುವಿದೆ. ಆರರಿಂದ ನೇರ ಹದಿನೇಳಕ್ಕೆ ಹಾರಿದ್ದೆ. ಏಳರ ಪುಟದಲ್ಲಿ ಚೀಟಿ, ಮಡಿಸಿದ್ದು ಮಡಿಸಿದಂತೆಯೇ ಇದೆ. ನಾಚಿಕೆಯಾಯಿತು. ಭಯವೂ — ಇದು ನನ್ನ ಮೊದಲ ಸೈಟು.

ಮಾರ್ಚ್ ೨೦, ಬೆಳಿಗ್ಗೆ ೮:೪೦

ಮ್ಯಾನೇಜರ್ ರೂಮಿನ ಹೊರಗೆ ಕೂತಿದ್ದೇನೆ. ಜ್ವರವೂ ಬಿರುಗಾಳಿಯಂತೆ ತಾನೇ, ನೀಲಿ ಹಚ್ಚಿಬಿಡಲೇ ಎಂದು ಆಸೆಯಾಯಿತು. ಇಲ್ಲ. ಜ್ವರ ನನ್ನ ತಪ್ಪಲ್ಲ, ಚೀಟಿ ನನ್ನದು. ಮನೆಯಿಂದ ಒಂದು ಫೋನ್ ಸಾಕಿತ್ತು. ಮೇಸ್ತ್ರಿಯ ಹೆಸರು ಹೊಡೆದುಹಾಕಿ ನನ್ನದು ಬರೆದೆ. ಚೀಟಿಯನ್ನೂ ಪಿನ್ ಮಾಡಿದೆ.

ಒಳಗಿನಿಂದ ಮೇಸ್ತ್ರಿಯ ದನಿ ಕೇಳುತ್ತಿದೆ. "ನಂದೇ ತಪ್ಪು ಸಾರ್, ನಾನೇ ಕೇಳ್ಬೇಕಿತ್ತು..."

ಅಯ್ಯೋ, ಇವರು! ಇನ್ನು ಕರೆಯುವವರೆಗೆ ಕಾಯಲಾರೆ, ಈಗಲೇ ಒಳಗೆ—